ಲಾರಿಯ ಬೆನ್ನ ಮೇಲಿನ ಸಂಸಾರ

ಪರಊರಿಗೆ ಹೊರಡುವ ಹಿಂದಿನ ರಾತ್ರಿ ಎಲ್ಲ ಮನೆಗಳಲ್ಲಿಯೂ ಒಂದೇ ವಾದ ನಡೆಯುತ್ತದೆ. "ಇಷ್ಟೊಂದು ಸಾಮಾನು ಏಕೆ?" ಎಂದು ಯಜಮಾನರು ಕೇಳುತ್ತಾರೆ. "ಇರಲಿ, ಬೇಕಾದೀತು" ಎಂದು ಗೃಹಿಣಿ ಉತ್ತರಿಸುತ್ತಾಳೆ. ಕೊನೆಗೆ ಗೆಲ್ಲುವುದು "ಇರಲಿ" ಎಂಬ ಮಾತೇ. ಅದರಿಂದ ದೊಡ್ಡ ಅನಾಹುತವೇನೂ ಆಗುವುದಿಲ್ಲ. ಮರೆತದ್ದು ಮುಂದಿನ ಊರಿನ ಅಂಗಡಿಯಲ್ಲಿ ಸಿಕ್ಕುತ್ತದೆ. ಹೆಚ್ಚಾದದ್ದನ್ನು ಹೊರಲು ಕೂಲಿಯವನು ಸಿಕ್ಕುತ್ತಾನೆ. ಆದರೆ ಅಂಗಡಿಯೂ ಕೂಲಿಯೂ ಇಲ್ಲದ, ದಾರಿಯೆಂಬುದೇ ಇಲ್ಲದ ಸೀಮೆಗೆ ಹೊರಟವನು ಪೆಟ್ಟಿಗೆ ಕಟ್ಟುವ ಬಗೆ ಹೇಗೆ? ಅಲ್ಲಿ ಮರೆತದ್ದು ಪ್ರಾಣಕ್ಕೆ ಎರವಾದೀತು, ಹೆಚ್ಚಾದದ್ದೂ ಅಷ್ಟೇ.

ಇಂದು ಅನೇಕ ದೇಶಗಳಲ್ಲಿ ಪಿಕಪ್ ಲಾರಿಯನ್ನೇ ಮನೆಯಾಗಿ ಸಜ್ಜುಗೊಳಿಸಿ, ಕಾಡು ಮರುಭೂಮಿಗಳಲ್ಲಿ ವಾರಗಟ್ಟಲೆ ಅಲೆಯುವ ಹವ್ಯಾಸ ಬೆಳೆದಿದೆ. ನೆತ್ತಿಯ ಮೇಲೆ ಮಡಿಸಿ ಬಿಚ್ಚುವ ಡೇರೆ, ಹಿಂಬದಿಯಲ್ಲಿ ಒಲೆ, ತಣ್ಣನೆಯ ಪೆಟ್ಟಿಗೆ, ಬಿಸಿಲಿನಿಂದ ವಿದ್ಯುತ್ತು ಪಡೆಯುವ ಫಲಕ - ಒಂದು ಸಣ್ಣ ಸಂಸಾರವೇ ಲಾರಿಯ ಬೆನ್ನೇರುತ್ತದೆ. ಇಂತಹ ಲಾರಿಗಳ ಪಕ್ಕದಲ್ಲಿ ಏಣಿಯ ತುಂಡಿನಂತಹ ಎರಡು ಹಲಗೆಗಳು ತೂಗುಬಿದ್ದಿರುವುದನ್ನು ಕಾಣಬಹುದು. ಚಕ್ರವು ಮರಳಿನಲ್ಲಿ ಹೂತಾಗ ಅದರಡಿಗೆ ತಳ್ಳಲು ಇರುವ ಸಾಧನವದು. ಅದರ ವಂಶವೃಕ್ಷವನ್ನು ಹುಡುಕಿಕೊಂಡು ಹೋದರೆ, ಸುಮಾರು ನೂರು ವರ್ಷಗಳ ಹಿಂದಿನ ಕೈರೋ ನಗರದ ಒಂದು ಗುಜರಿ ಅಂಗಡಿಯನ್ನು ತಲುಪಬೇಕಾಗುತ್ತದೆ.

1926ರಲ್ಲಿ ರಾಲ್ಫ್ ಬ್ಯಾಗ್ನೊಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿಗಳಿಗೆ ಈಜಿಪ್ಟಿಗೆ ವರ್ಗವಾಯಿತು. ಅವರು ಇಂಜಿನಿಯರಿಂಗ್ ಓದಿದ್ದವರು, ಮಿತಭಾಷಿಗಳು. ಅವರ ಕಣ್ಣು ಕೈರೋದ ವಿನೋದಕೂಟಗಳ ಮೇಲೆ ಬೀಳಲಿಲ್ಲ. ನೈಲ್ ನದಿಯ ಪಡುವಣಕ್ಕೆ ಹಬ್ಬಿದ ಲಿಬಿಯಾದ ಮರುಭೂಮಿಯ ಮೇಲೆ ಬಿತ್ತು. ರಜೆ ದೊರೆತಾಗಲೆಲ್ಲ ಕೆಲವು ಗೆಳೆಯರೊಡನೆ, ಸ್ವಂತ ಖರ್ಚಿನಲ್ಲಿ, ಫೋರ್ಡ್ ಕಂಪನಿಯ ಸಾಧಾರಣ ಮೋಟಾರುಗಳನ್ನು ಹತ್ತಿ ಅವರು ಹೊರಡುತ್ತಿದ್ದರು. ಆ ಮೋಟಾರುಗಳು ಊರ ರಸ್ತೆಗೆಂದು ಹುಟ್ಟಿದವು. ಮರುಭೂಮಿಗೆ ಬೇಕಾದುದನ್ನು ಕಲಿಸುವ ಗ್ರಂಥವಾಗಲಿ, ಮಾರುವ ಅಂಗಡಿಯಾಗಲಿ ಇರಲಿಲ್ಲ. ಒಂದೊಂದು ಸಂಕಟವೂ ಒಂದೊಂದು ಸಾಧನವನ್ನು ಕಲಿಸಿತು.

ಮೊದಲನೆಯ ಸಂಕಟ ಮರಳಿನದು. ಹೂತುಹೋದ ಚಕ್ರವನ್ನು ತಿರುಗಿಸಿದಷ್ಟೂ ಅದು ತನ್ನ ಗೋರಿಯನ್ನು ತಾನೇ ತೋಡಿಕೊಳ್ಳುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ನೆಲದಡಿಯ ಅಡಗುದಾಣಗಳಿಗೆ ಮಾಡು ಹಾಕಲೆಂದು ತಯಾರಾಗಿದ್ದ, ಸುಮಾರು ಐದು ಅಡಿ ಉದ್ದದ ಉಕ್ಕಿನ ದೋಣಿಪಟ್ಟಿಗಳು ಆ ಗುಜರಿ ಅಂಗಡಿಯಲ್ಲಿ ಬಿದ್ದಿದ್ದವು. ಅವನ್ನು ಹಿಂದಿನ ಚಕ್ರಗಳ ಮುಂದೆ ಹೂಡಿದರೆ ಮೋಟಾರು ಅವುಗಳ ಮೇಲೇರಿ ಮುಂದಕ್ಕೆ ನುಗ್ಗುತ್ತಿತ್ತು. ಬಳಿಕ ಪಟ್ಟಿಗಳನ್ನು ಕಿತ್ತು, ಹೊತ್ತು ಓಡಿ, ಮತ್ತೆ ಹೂಡಬೇಕು. ಸುಡುವ ಬಿಸಿಲಿನಲ್ಲಿ ಕಾದ ಉಕ್ಕನ್ನು ಎತ್ತಿ ಓಡುವ ಈ ಕೆಲಸ ಸುಖದ್ದಲ್ಲ. ಆದರೆ ಅದೇ ಇಲ್ಲದಿದ್ದರೆ ಪ್ರಯಾಣವೇ ಇಲ್ಲ. ಚಕ್ರದ ಗಾಳಿಯನ್ನು ತಗ್ಗಿಸಿದರೆ ಅದು ಒಂಟೆಯ ಪಾದದಂತೆ ಅಗಲವಾಗಿ ಹರಡಿ ಮರಳಿನ ಮೇಲೆ ತೇಲುತ್ತದೆಂಬುದೂ ಅನುಭವದಿಂದಲೇ ತಿಳಿಯಿತು.

ಎರಡನೆಯ ಸಂಕಟ ನೀರಿನದು. ಮೆತ್ತನೆಯ ಮರಳಿನಲ್ಲಿ ಏದುಸಿರು ಬಿಡುವ ಇಂಜಿನ್ನು ಬೇಗನೆ ಕುದಿಯುತ್ತದೆ. ರೇಡಿಯೇಟರಿನ ನೀರು ಹಬೆಯಾಗಿ ಹಾರಿಹೋಗುತ್ತದೆ. ಮನುಷ್ಯರ ಬಾಯಿಗೇ ಅಳೆದು ಕೊಡಬೇಕಾದ ನೀರನ್ನು ಇಂಜಿನ್ನು ಹೀಗೆ ಆಕಾಶಕ್ಕೆ ಅರ್ಪಿಸಿದರೆ ಗತಿಯೇನು? ಬ್ಯಾಗ್ನೊಲ್ಡರು ಹಬೆ ಹೊರಹೋಗುವ ದಾರಿಯನ್ನು ಮುಚ್ಚಿ, ಒಂದು ಕೊಳವೆಯ ಮೂಲಕ ಅದನ್ನು ಮೋಟಾರಿನ ಪಕ್ಕಕ್ಕೆ ಬಿಗಿದ ಡಬ್ಬದೊಳಕ್ಕೆ ಹಾಯಿಸಿದರು. ಡಬ್ಬದ ಅರ್ಧದಷ್ಟಿದ್ದ ನೀರಿನಲ್ಲಿ ಹಬೆ ತಣಿದು ನೀರಾಗುತ್ತಿತ್ತು. ಡಬ್ಬವೂ ಕುದಿಯತೊಡಗಿದಾಗ ಮೋಟಾರನ್ನು ಗಾಳಿಗೆ ಮುಖಮಾಡಿ ನಿಲ್ಲಿಸಿದರೆ ಸಾಕು. ಒಂದೆರಡು ನಿಮಿಷ ಕಳೆಯುವುದರೊಳಗೆ ರೇಡಿಯೇಟರು ತಣಿದು, ಕಳೆದುಕೊಂಡ ನೀರನ್ನೆಲ್ಲ ಗೊಟಗೊಟನೆ ಹಿಂದಕ್ಕೆ ಹೀರಿಕೊಳ್ಳುತ್ತಿತ್ತು. ಒಂದು ಕೊಳವೆ, ಒಂದು ಡಬ್ಬ: ಇಷ್ಟರಿಂದ ಎಷ್ಟೋ ಗ್ಯಾಲನ್ ನೀರು ಉಳಿಯಿತು.

ಮೂರನೆಯದು ದಿಕ್ಕಿನ ಸಂಕಟ. ಮೋಟಾರಿನ ಕಬ್ಬಿಣವು ಆಯಸ್ಕಾಂತದ ದಿಕ್ಸೂಚಿಗೆ ಭ್ರಮೆ ಹಿಡಿಸುತ್ತದೆ. ಪ್ರತಿಸಲವೂ ಇಳಿದು ದೂರ ನಡೆದು ದಿಕ್ಕು ನೋಡಿ ಬರುವುದು ಆಗದ ಮಾತು. ಅದಕ್ಕೆ ಉತ್ತರವಾಗಿ ಸೂರ್ಯನೇ ದೊರೆತನು. ಅಂಶಗಳನ್ನು ಗುರುತುಮಾಡಿದ ತಟ್ಟೆಯ ನಡುವೆ ನೆಟ್ಟಗೆ ನಿಲ್ಲಿಸಿದ ಒಂದು ಕಡ್ಡಿ. ಅದರ ನೆರಳು ನಿಗದಿಯಾದ ಗೆರೆಯ ಮೇಲೆ ಇರುವವರೆಗೆ ದಾರಿ ಸರಿ. ಹೊತ್ತು ಏರಿದಂತೆ ತಟ್ಟೆಯನ್ನು ತುಸುತುಸುವೇ ತಿರುಗಿಸಿಕೊಂಡರೆ ಆಯಿತು.

ಇಷ್ಟಾದ ಮೇಲೆ ಉಳಿದದ್ದು ಭಾರದ ಲೆಕ್ಕ. ಪ್ರತಿಯೊಂದು ಸಾಮಾನೂ ಪೆಟ್ರೋಲನ್ನು ಕುಡಿಯುತ್ತದೆ. ಆ ಪೆಟ್ರೋಲನ್ನು ಹೊರುವುದಕ್ಕೆ ಇನ್ನಷ್ಟು ಪೆಟ್ರೋಲು ಬೇಕು. ಆದುದರಿಂದ ಒಂದು ಅನವಶ್ಯಕ ಪೆಟ್ಟಿಗೆ ಹಿಂದಿರುಗುವ ದಾರಿಯ ಕೆಲವು ಮೈಲಿಗಳನ್ನೇ ತಿಂದುಹಾಕುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮನೆಯಲ್ಲಿ ಉಪದೇಶ. ಮರುಭೂಮಿಯಲ್ಲಿ ಅದೇ ಗಣಿತ. ನೀರು, ಪೆಟ್ರೋಲು, ಡಬ್ಬಿಯ ಆಹಾರ, ಬಿಸ್ಕತ್ತು, ಚಹ, ದುರಸ್ತಿಯ ಸಲಕರಣೆ, ಕಂಬಳಿ - ಪಟ್ಟಿ ಇಲ್ಲಿಗೆ ಮುಗಿಯಬೇಕು.

ಹೀಗೆ ಸಜ್ಜಾದ ಮೋಟಾರುಗಳು 1929 ಮತ್ತು 1930ರಲ್ಲಿ, ಮೋಟಾರಿಗೆ ಅಸಾಧ್ಯವೆಂದು ಜನರು ಎಣಿಸಿದ್ದ ಮಹಾ ಮರಳುಸಮುದ್ರವನ್ನು ಹೊಕ್ಕವು. ಗಾಳಿ ಬಡಿಯುವ ಮೈಯಲ್ಲಿ ಮರಳು ಗಟ್ಟಿಯಾಗಿ ಕೂತಿರುತ್ತದೆಂಬುದನ್ನು ಬ್ಯಾಗ್ನೊಲ್ಡರು ಅರಿತರು. ಎದುರಿಗೆ ಗೋಡೆಯಂತೆ ನಿಂತ ದಿಬ್ಬದ ಕಡೆಗೆ ಗಂಟೆಗೆ ಸುಮಾರು 40 ಮೈಲಿ ವೇಗದಲ್ಲಿ ಅವರು ಮೋಟಾರನ್ನು ನುಗ್ಗಿಸಿದಾಗ ಅದು ಸಲೀಸಾಗಿ ಮೇಲೇರಿತು. 1932ರಲ್ಲಿ ಅವರ ತಂಡ ಸೂಡಾನಿನ ಎಲ್ ಫಾಶರ್‌ವರೆಗೆ ಹೋಗಿ ಬಂದಿತು. 1935ರಲ್ಲಿ ಅವರು ನಿವೃತ್ತರಾದರು. ಹವ್ಯಾಸದ ಕಥೆ ಅಲ್ಲಿಗೆ ಮುಗಿದಂತೆ ತೋರಿತು.

ಆದರೆ 1939ರಲ್ಲಿ ಯುದ್ಧ ಬಂದಿತು. ಪುನಃ ಸೇವೆಗೆ ಕರೆಬಂದು ಪೂರ್ವ ಆಫ್ರಿಕಕ್ಕೆ ಹೊರಟಿದ್ದ ಬ್ಯಾಗ್ನೊಲ್ಡರ ಹಡಗು ಮತ್ತೊಂದು ಹಡಗಿಗೆ ಡಿಕ್ಕಿ ಹೊಡೆದುದರಿಂದ ಅವರು ಈಜಿಪ್ಟಿನಲ್ಲಿಯೇ ಇಳಿಯಬೇಕಾಯಿತು. 1940ರ ಜೂನಿನಲ್ಲಿ ಇಟಲಿಯೂ ಯುದ್ಧಕ್ಕೆ ಇಳಿದಾಗ, ಮರುಭೂಮಿಯ ಒಳಗಿನಿಂದ ಶತ್ರುವಿನ ಚಲನವಲನವನ್ನು ಗಮನಿಸುವ ಒಂದು ಸಣ್ಣ ದಳವನ್ನು ಕಟ್ಟುವ ಅವರ ಯೋಜನೆಗೆ ಸೇನಾಪತಿ ವೇವೆಲ್ ಒಪ್ಪಿಗೆ ಕೊಟ್ಟರು. ಅವಧಿ ಆರು ವಾರ. ಷೆವ್ರೊಲೆ ಲಾರಿಗಳಲ್ಲಿ ಕೆಲವನ್ನು ವ್ಯಾಪಾರಿಗಳಿಂದ ಕೊಂಡರು. ಉಳಿದವನ್ನು ಈಜಿಪ್ಟಿನ ಸೈನ್ಯದಿಂದ ಬೇಡಿ ತಂದರು. ಬಾಗಿಲು, ಮುಂಗಾಜು, ಚಾವಣಿ ಎಲ್ಲವನ್ನೂ ಕಿತ್ತೆಸೆದು, ಸ್ಪ್ರಿಂಗುಗಳನ್ನು ಬಲಪಡಿಸಿ, ಅದೇ ಉಕ್ಕಿನ ಪಟ್ಟಿ, ಅದೇ ಡಬ್ಬ, ಅದೇ ನೆರಳಿನ ತಟ್ಟೆಗಳನ್ನು ಜೋಡಿಸಿದರು. ರಜೆಯ ವಿಹಾರದಲ್ಲಿ ಕಲಿತದ್ದು ಯುದ್ಧದ ವಿದ್ಯೆಯಾಯಿತು. ಮೊದಲು ನ್ಯೂಜಿಲೆಂಡಿನ ಸ್ವಯಂಸೇವಕರು, 1942ರಲ್ಲಿ ಭಾರತೀಯ ಸೈನ್ಯದ ಒಂದು ತುಕಡಿಯೂ ಈ ಲಾರಿಗಳ ವಿದ್ಯೆಯನ್ನು ಕಲಿತರು.

ಸಜ್ಜಿಕೆಯ ನಿಜವಾದ ಬೆಲೆ ತಿಳಿದದ್ದು ಮಾತ್ರ ಲಾರಿಗಳೇ ಇಲ್ಲವಾದ ದಿನ. 1941ರ ಜನವರಿ 31ರಂದು ಜೆಬೆಲ್ ಶರೀಫ್ ಎಂಬಲ್ಲಿ ಇಟಲಿಯ ಪಡೆ ಮೇಲೆ ಬಿದ್ದಾಗ ಕೆಲವು ಲಾರಿಗಳು ಉರಿದುಹೋದವು. ನಾಲ್ವರು ಹಿಂದೆ ಉಳಿದರು. ಅವರಲ್ಲಿ ನ್ಯೂಜಿಲೆಂಡಿನ ರೊನಾಲ್ಡ್ ಮೂರ್ ಎಂಬ ಯೋಧನ ಕಾಲಿಗೆ ಗಾಯವಾಗಿತ್ತು. ಶತ್ರುವಿಗೆ ಶರಣಾಗುವುದನ್ನು ಬಿಟ್ಟು ಅವರು ನಡೆಯುವುದನ್ನೇ ಆರಿಸಿಕೊಂಡರು. ಉರಿದ ಲಾರಿಗಳ ನಡುವೆ ಅವರಿಗೆ ದೊರೆತದ್ದು ಎರಡು ಗ್ಯಾಲನ್ ಹಿಡಿಯುವ ಒಂದು ನೀರಿನ ಡಬ್ಬ. ಅದೂ ಪೂರ್ತಿ ತುಂಬಿರಲಿಲ್ಲ. ದಾರಿ ತೋರಿಸಿದ್ದು ತಮ್ಮ ಲಾರಿಗಳೇ ಮರಳಿನ ಮೇಲೆ ಮೂಡಿಸಿದ್ದ ಚಕ್ರದ ಗುರುತು. ಹಗಲಿನ ಬಿಸಿಲು, ರಾತ್ರಿಯ ಕೊರೆಯುವ ಚಳಿ, ಆಹಾರವೆಂಬುದು ಇಲ್ಲವೇ ಇಲ್ಲ ಎನ್ನುವಷ್ಟು. ಹತ್ತನೆಯ ದಿನ ಫ್ರೆಂಚ್ ಸೈನಿಕರ ಕಣ್ಣಿಗೆ ಬಿದ್ದಾಗ ಮೂರ್ ಇನ್ನೂ ನಡೆಯುತ್ತಲೇ ಇದ್ದನು. ಅಷ್ಟರಲ್ಲಿ ಸುಮಾರು 210 ಮೈಲಿ ಹಿಂದೆ ಸರಿದಿತ್ತು. ನಾಲ್ವರಲ್ಲಿ ಮೂವರು ಬದುಕಿದರು. ಈಸ್ಟನ್ ಎಂಬವನು ಸಿಕ್ಕ ಮೇಲೂ ಉಳಿಯಲಿಲ್ಲ.

ಬಲವಾದ ಸ್ಪ್ರಿಂಗು, ಅಗಲವಾದ ಚಕ್ರ, ಉಕ್ಕಿನ ಪಟ್ಟಿ ಎಲ್ಲವೂ ಕಳಚಿಬಿದ್ದ ಮೇಲೆ ಉಳಿದದ್ದು ಆ ಒಂದು ಡಬ್ಬ, ಮತ್ತು ಅದರ ನೀರನ್ನು ನಾಲ್ವರಿಗೆ ಸಮನಾಗಿ ಹಂಚುವ ಸಂಯಮ. ಮೊದಲನೆಯದನ್ನು ಲಾರಿಗೆ ಏರಿಸಬಹುದು. ಎರಡನೆಯದನ್ನು ಮನುಷ್ಯನು ತನ್ನೊಳಗೇ ತುಂಬಿಕೊಂಡು ಹೊರಡಬೇಕು. ಅದಕ್ಕೆ ತೂಕವಿಲ್ಲ, ಅದು ಪೆಟ್ರೋಲನ್ನೂ ಕುಡಿಯುವುದಿಲ್ಲ.

ಚಕ್ರದಡಿಯ ಮರಳನ್ನು ಅಷ್ಟು ಹತ್ತಿರದಿಂದ ಕಂಡ ಬ್ಯಾಗ್ನೊಲ್ಡರು, ಗಾಳಿಯು ಮರಳನ್ನು ಒಯ್ಯುವ ನಿಯಮಗಳನ್ನು ಕುರಿತು 1941ರಲ್ಲಿ ಒಂದು ಶಾಸ್ತ್ರಗ್ರಂಥವನ್ನು ಪ್ರಕಟಿಸಿದರು. 1990ರಲ್ಲಿ ಅವರು ತೀರಿಕೊಂಡರು. ಮಂಗಳಗ್ರಹದ ಒಂದು ಮರಳುದಿಬ್ಬಗಳ ಸಾಲಿಗೆ ವಿಜ್ಞಾನಿಗಳು ಅವರ ಹೆಸರಿಟ್ಟಿದ್ದಾರೆ. 2015ರಲ್ಲಿ ಕ್ಯೂರಿಯಾಸಿಟಿ ಎಂಬ ಯಂತ್ರವು ಆ ದಿಬ್ಬಗಳ ಬಳಿಗೆ ಉರುಳುತ್ತ ಹೋಯಿತು. ಅದರ ಬೆನ್ನಿನ ಮೇಲೆಯೂ, ತೂಗಿ ನೋಡಿ, ಇಲ್ಲದೆ ಆಗದೆಂಬುದನ್ನು ಮಾತ್ರ ಏರಿಸಿದ್ದರು.