ಬಸವರಾಜದುರ್ಗದ ದೋಣಿಯಲ್ಲಿ

ದೇವಸುಗೂರಿನವರಾದ ನಮಗೆ ನೀರೇನೂ ಹೊಸತಲ್ಲ. ಹರಿಗೋಲಿನಲ್ಲಿ ಕೃಷ್ಣೆಯನ್ನು ದಾಟಿದವರು ನಾವು. ನಿಜಾಮರ ಕಾಲದಲ್ಲಿ, 1933ರಿಂದ 1943ರವರೆಗೆ ಕಟ್ಟಲಾದ ‘ಸಿರಾತೆ ಜೂದಿ’ ಸೇತುವೆಯ ಮೇಲೆ ಓಡಾಡಿಯೇ ಬೆಳೆದಿದ್ದೇವೆ. ಆದರೂ ಹೊನ್ನಾವರದಲ್ಲಿ ದೋಣಿಯು ಶರಾವತಿಯ ಅಳಿವೆಯನ್ನು ದಾಟಿ ಕಡಲಿನ ಮೊದಲ ಅಲೆಯನ್ನೇರಿದಾಗ ನಮ್ಮ ಎರಡೂ ಕೈಗಳು ಹಲಗೆಯನ್ನು ಬಿಗಿಯಾಗಿ ಹಿಡಿದಿದ್ದವು.

ನಾವಿಕರು ನಕ್ಕು, “ಹೆದರಬೇಡಿ ಮಾಸ್ತರೇ, ಇದು ಶಾಂತ ಸಮುದ್ರ” ಎಂದರು. ಪ್ರವಾದಿ ನೂಹ್(ಅ)ರು ನೌಕೆಯೇರುವಾಗ ಹೇಳಿದ ಪ್ರಾರ್ಥನೆಯನ್ನು ಪಠಿಸತೊಡಗಿದೆವು. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಾ ಬಂದ ಮಾತುಗಳು. ಅಲೆಯೊಂದು ದೋಣಿಯನ್ನೆತ್ತಿ ಇಳಿಸಿತು. ನಮ್ಮ ನಾಲಗೆ ಅರ್ಧಕ್ಕೇ ನಿಂತಿತು. ಹಿಂದೆ ತಾಯಿಯ ಪಕ್ಕದಲ್ಲಿ ಕುಳಿತಿದ್ದ ಮಗಳು ಅದನ್ನು ಪೂರ್ಣಗೊಳಿಸಿದಳು. ಅಷ್ಟಕ್ಕೇ ನಿಲ್ಲದೆ ಮುಂದಿನ ಆಯತ್‌ಗಳನ್ನೂ ಓದಿದಳು: ಬೆಟ್ಟದೆತ್ತರದ ಅಲೆಗಳು, ತಂದೆಯ ಕರೆಗೆ ಓಗೊಡದ ಮಗ, ನೀರು ಇಂಗಿದ ಬಳಿಕ ಜೂದಿಯ ಮೇಲೆ ನೆಲೆನಿಂತ ನೌಕೆ.

ಅದು ಸೂರಃ ಹೂದ್, ಹನ್ನೆರಡನೆಯ ಪಾರಾ. ಮಗಳ ಹಿಫ್ಝ್ ಪಾಠವನ್ನು ನಾವು ನಿಲ್ಲಿಸಿದ್ದು ಒಂಬತ್ತನೆಯದರಲ್ಲಿ, ಎರಡು ವರ್ಷಗಳ ಹಿಂದೆ. ಮಗಳು ದೊಡ್ಡವಳಾದಳು, ಊರಿನಲ್ಲಿ ಕಲಿಸುವ ಮಹಿಳೆ ಇಲ್ಲ ಎಂಬುದು ನಮ್ಮ ಕಾರಣ. ಪತ್ನಿಯ ಮುಖ ನೋಡಿದೆವು. ಅವರು ಕಡಲಿನತ್ತ ನೋಡುತ್ತಿದ್ದರು. ಅವರಿಗೆ ಮೊದಲೇ ಗೊತ್ತಿತ್ತು.

“ಅಬ್ಬಾ, ನಮ್ಮ ಸೇತುವೆಯ ಜೂದಿ ಇದೇನಾ?” ಎಂದು ಮಗಳು ಕೇಳಿದಳು. ಅಲ್ಲ, ಅದಕ್ಕೆ ನಿಜಾಮರ ಮನೆತನದ ಜವಾದ್ ಜಾಹ್ ಅವರ ಹೆಸರಿಟ್ಟದ್ದು ಎಂದೆವು. ಅದಕ್ಕಿಂತ ಹೆಚ್ಚು ಮಾತನಾಡುವ ಧೈರ್ಯ ನಮಗಾಗ ಇರಲಿಲ್ಲ.

ಅಷ್ಟರಲ್ಲಿ ದುರ್ಗ ಹತ್ತಿರವಾಯಿತು. ಬಸವರಾಜದುರ್ಗವು ಕೆಳದಿಯ ಅರಸರ ಕಾಲದ ಕೋಟೆ. ನೀರಿನಿಂದ ನೇರವಾಗಿ ಎದ್ದ ಬಂಡೆಗಳು, ಅವುಗಳ ಮೇಲೆ ಕೆಂಪು ಚಿರೆಕಲ್ಲಿನ ಗೋಡೆ, ಗೋಡೆಯ ಸಂದುಗಳಲ್ಲಿ ಬೇರೂರಿದ ಗಿಡಗಳು. ಕಟ್ಟಿದವರು ಜಾಣರು, ಅರ್ಧ ಕೆಲಸವನ್ನು ಕಡಲಿಗೇ ಒಪ್ಪಿಸಿದ್ದಾರೆ. ಇಳಿಯಲು ನಮಗೆ ಅನುಮತಿ ಇರಲಿಲ್ಲವಾದ್ದರಿಂದ ದೋಣಿಯಲ್ಲೇ ಸುತ್ತು ಹಾಕಿದೆವು.

ನಿಜಕ್ಕೂ ನಮ್ಮನ್ನು ಅಷ್ಟು ದೂರ ಎಳೆದು ತಂದದ್ದು ಈ ಕೋಟೆಯೊಂದೇ ಅಲ್ಲ, ಅದರ ಎದುರಿನ ಊರು. ಕೋಟೆ ಏಳುವುದಕ್ಕೂ ಬಹಳ ಹಿಂದೆ, 1340ರ ದಶಕದಲ್ಲಿ, ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ ಇಲ್ಲಿಗೆ ಬಂದಿದ್ದರು. ಅವರು ಇದನ್ನು ‘ಹಿನಾವ್ರ್’ ಎಂದು ಕರೆದರು. ಸುಲ್ತಾನ್ ಜಮಾಲುದ್ದೀನ್ ಜಮಾಅತ್ ನಮಾಝನ್ನು ತಪ್ಪಿಸುತ್ತಿರಲಿಲ್ಲ, ಅವರ ನೌಕಾಪಡೆ ಬಲಿಷ್ಠವಾಗಿತ್ತು ಎಂದೆಲ್ಲ ಬರೆದಿದ್ದಾರೆ. ನಮಗೆ ಮುಖ್ಯವಾದುದು ಬೇರೆ. ಊರಿನ ಹೆಂಗಸರು ಕುರ್‌ಆನನ್ನು ಕಂಠಪಾಠ ಮಾಡಿದ್ದರೆಂದೂ, ಹೆಣ್ಣುಮಕ್ಕಳಿಗಾಗಿ 13, ಗಂಡುಮಕ್ಕಳಿಗಾಗಿ 23 ಪಾಠಶಾಲೆಗಳನ್ನು ಕಂಡೆನೆಂದೂ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲವೆಂದೂ ಆ ಯಾತ್ರಿಕ ದಾಖಲಿಸಿದ್ದಾರೆ. ಟಾಂಜೀರ್‌ನಿಂದ ಹೊರಟು ಮಕ್ಕಾ, ದಮಾಸ್ಕಸ್, ದಿಲ್ಲಿ ಎಲ್ಲವನ್ನೂ ಕಂಡುಬಂದವರ ಮಾತಿದು.

ಈ ಸಂಗತಿಯನ್ನು ಜುಮಾ ಪ್ರವಚನಗಳಲ್ಲಿ ನಾವು ಎಷ್ಟೋ ಬಾರಿ ಹೇಳಿದ್ದೇವೆ, ಹೆಮ್ಮೆಯಿಂದಲೇ. ಅಂದು ದೋಣಿಯಲ್ಲಿ ಮಗಳಿಗೆ ಹೇಳಲು ಹೊರಟಾಗ ಗಂಟಲು ಕಟ್ಟಿತು. “ಹದಿಮೂರು ಶಾಲೆಗಳಿದ್ದವು” ಎಂದೆವು, ದಡದ ತೆಂಗಿನ ಸಾಲಿನತ್ತ ಕೈತೋರಿಸಿ. ಮಗಳು ಬಹಳ ಹೊತ್ತು ಆ ಕಡೆಗೇ ನೋಡಿದಳು. “ಅಲ್ಲಿ ಯಾರು ಕಲಿಸುತ್ತಿದ್ದರು, ಅಬ್ಬಾ?” ಎಂದಳು. ಉತ್ತರ ತೋಚಲಿಲ್ಲ.

ಆ ರಾತ್ರಿ ಬಸ್ಸಿನಲ್ಲಿ ಪತ್ನಿ ಎಲ್ಲವನ್ನೂ ಹೇಳಿದರು. ಮನೆಗೆಲಸ ಮುಗಿದ ಮೇಲೆ ಮೊಬೈಲಿನಲ್ಲಿ ಕಿರಾಅತ್ ಕೇಳಿಸಿಕೊಳ್ಳುತ್ತಾ ಮಗಳು ಒಬ್ಬಳೇ ಕಂಠಪಾಠ ಮಾಡುತ್ತಿದ್ದಳಂತೆ. ಮೂರನೆಯವರ ಮುಂದೆ ಕೂರಿಸಲಾಗದು ಎಂದವರು ನಾವು. ಆದರೆ ತಂದೆಯಾದ ನಾವು ಮೂರನೆಯವರೇ? ಊರಿನ ಗಂಡುಮಕ್ಕಳ ಪಾಠ ಕೇಳಲು ಅಸ್ರ್ ಬಳಿಕ ಎರಡು ಗಂಟೆ ಸಿಗುತ್ತಿತ್ತು; ಅದೇ ಮನೆಯ ಅಡುಗೆಕೋಣೆಯಲ್ಲಿದ್ದವಳಿಗೆ ಹದಿನೈದು ನಿಮಿಷ ಸಿಗಲಿಲ್ಲ.

ಮರಳಿ ಬಂದ ಮರುದಿನ ಫಜ್ರ್ ಬಳಿಕ ಮಗಳನ್ನು ಎದುರು ಕೂರಿಸಿಕೊಂಡು ಹತ್ತನೆಯ ಪಾರಾದಿಂದ ಕೇಳತೊಡಗಿದೆವು. ತಪ್ಪೆಂದು ಎರಡು ಕಡೆ ತಡೆದೆವು. ಒಂದು ಕಡೆ ತಿದ್ದಿಕೊಂಡಳು. ಇನ್ನೊಂದು ಕಡೆ ಒಪ್ಪಲಿಲ್ಲ. ಮುಸ್‌ಹಫ್ ತೆರೆದು ನೋಡಿದಾಗ ಅವಳೇ ಸರಿಯಾಗಿದ್ದಳು.