ಕಲೆ ಬಿದ್ದ ಡಯಲು

'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂಬ ಗಾದೆಯನ್ನು ನಾವು ಐದನೇ ತರಗತಿಯಲ್ಲೇ ಬಾಯಿಪಾಠ ಮಾಡಿದ್ದೆವು. ಪರೀಕ್ಷೆಯಲ್ಲಿ ಅದನ್ನು ವಿಸ್ತರಿಸಿ ಬರೆದು ಅಂಕವನ್ನೂ ಗಳಿಸಿದ್ದೆವು. ಆದರೆ ಅದರ ಅರ್ಥ ನಿಜವಾಗಿ ತಿಳಿದದ್ದು ಕಳೆದ ಮಳೆಗಾಲದಲ್ಲಿ, ನಮ್ಮ ಅಜ್ಜನ ಕೈಗಡಿಯಾರದ ದೆಸೆಯಿಂದ. ನಾವೆಂದರೆ ಈ ಶಾಲೆಯಲ್ಲೇ ಓದುತ್ತಿರುವ ಅಕ್ಕ ಮತ್ತು ತಮ್ಮ. ತಪ್ಪು ಇಬ್ಬರದೂ ಆದ್ದರಿಂದ ಈ ಲೇಖನವನ್ನೂ ಇಬ್ಬರೂ ಸೇರಿಯೇ ಬರೆದಿದ್ದೇವೆ.

ಅಜ್ಜ ಕಾಸರಗೋಡಿನ ಒಳನಾಡಿನ ಕನ್ನಡ ಶಾಲೆಯೊಂದರಲ್ಲಿ ಮಾಷ್ಟ್ರಾಗಿದ್ದವರು. 1979ರಲ್ಲಿ ಸಂಬಳದಲ್ಲಿ ಉಳಿಸಿದ ಹಣದಿಂದ ಅವರು ಒಂದು ಎಚ್.ಎಂ.ಟಿ. ಜನತಾ ವಾಚು ಕೊಂಡಿದ್ದರು. ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ವಾಚು ತಯಾರಿಕೆ ಆರಂಭಿಸಿತ್ತು. ಜನತಾ ಎಂಬುದು ದಿನಕ್ಕೊಮ್ಮೆ ಕೀ ಕೊಡಬೇಕಾದ, 17 ಕಲ್ಲಿನ ವಾಚು. ಕಲ್ಲೆಂದರೆ ಒಳಗಿನ ಚಕ್ರಗಳ ತುದಿ ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯ. ಆ ವಾಚು ನೋಡಿಯೇ ಅಜ್ಜ ಶಾಲೆಯ ಗಂಟೆ ಹೊಡೆಸುತ್ತಿದ್ದರಂತೆ.

ನಾವು ಕಾಣುವ ಹೊತ್ತಿಗೆ ಅದು ಕಪಾಟಿನ ಮೂಲೆ ಸೇರಿತ್ತು. ಡಯಲಿನ ಬಿಳುಪು ಮಾಸಿ ಹಳದಿಗಟ್ಟಿತ್ತು. ನಾಲ್ಕರ ಅಂಕೆಯ ಹತ್ತಿರ ಗೋಡಂಬಿಯ ಆಕಾರದ ಕಂದು ಕಲೆಯೊಂದಿತ್ತು. ಅಜ್ಜನಿಗೆ ಎಂಬತ್ತು ತುಂಬುವ ದಿನ ಅದನ್ನು ಹೊಸದರಂತೆ ಮಾಡಿಸಿ ಉಡುಗೊರೆ ಕೊಡಬೇಕೆಂದು ನಾವು ಗುಟ್ಟಾಗಿ ನಿಶ್ಚಯಿಸಿದೆವು. ವಿಷುವಿಗೂ ದೀಪಾವಳಿಗೂ ಸಿಕ್ಕಿದ ಹಣವನ್ನೆಲ್ಲ ಒಟ್ಟುಗೂಡಿಸಿ ಪೇಟೆಯ ಒಂದು ಅಂಗಡಿಗೆ ಕೊಟ್ಟೆವು. ವಾರ ಕಳೆದು ವಾಚು ಬಂತು. ಡಯಲು ಬೆಳ್ಳಿಯಂತೆ ಹೊಳೆಯುತ್ತಿತ್ತು. ನಮ್ಮ ಸಂತೋಷಕ್ಕೆ ಪಾರವಿರಲಿಲ್ಲ.

ಆ ದಿನ ಅಜ್ಜ ವಾಚನ್ನು ಕಟ್ಟಿಕೊಂಡರು. ಕಿವಿಗಿಟ್ಟು ಟಿಕ್ ಟಿಕ್ ಕೇಳಿದರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಚಂದ ಉಂಟು ಮಕ್ಕಳೇ. ಆದರೆ ನನ್ನ ವಾಚೆಲ್ಲಿ?" ಎಂದರು.

ನಾವು ಬೆಪ್ಪಾದೆವು. ಆಗ ಅಜ್ಜ ಕಲೆಯ ಕತೆ ಹೇಳಿದರು. 1982ರ ಜೂನ್ ತಿಂಗಳು. ಶಾಲೆಯ ದಾರಿಯ ತೋಡು ತುಂಬಿ ಹರಿಯುತ್ತಿತ್ತು. ಅಡಿಕೆ ಮರದ ಸಂಕದಿಂದ ಒಂದನೇ ತರಗತಿಯ ಹುಡುಗನೊಬ್ಬ ಕಾಲು ಜಾರಿ ಬಿದ್ದ. ಅಜ್ಜ ಹಾರಿ ಅವನನ್ನು ಮೇಲೆತ್ತಿದರು. ಹುಡುಗ ಬದುಕಿದ, ವಾಚಿನೊಳಗೆ ನೀರು ಹೊಕ್ಕಿತು. ಆ ಕಲೆಯೇ ನಾವು ಹಣ ಕೊಟ್ಟು ಅಳಿಸಿದ ಕಲೆ!

ಡಯಲು ಹೋಯಿತು, ಉಳಿದದ್ದಾದರೂ ಅಜ್ಜನದೇ ಹೌದೋ ಎಂಬ ಸಂಶಯ ಅಪ್ಪನಿಗೆ ಬಂತು. ಬಸ್‌ಸ್ಟ್ಯಾಂಡಿನ ಬಳಿ ಸಣ್ಣ ಗೂಡಂಗಡಿಯಲ್ಲಿ ಕೂರುವ ವಯಸ್ಸಾದ ರಿಪೇರಿಯವರ ಹತ್ತಿರ ನಮ್ಮನ್ನು ಕಳುಹಿಸಿದರು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ನಮಗೂ ಒಂದು ಕೊಟ್ಟು, ಪಾಠ ಹೇಳುವಂತೆ ತೋರಿಸಿದರು.

ಮೊದಲು ಅಕ್ಷರ. ಕಾರ್ಖಾನೆಯ ಅಚ್ಚು ಸಪೂರವಾಗಿದ್ದು ಅಂಚು ಚೂಪಾಗಿರುತ್ತದೆ. ನಮ್ಮ ಹೊಸ ಡಯಲಿನಲ್ಲಿ ಅಕ್ಷರಗಳು ದಪ್ಪಗಾಗಿ, ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿದ್ದವು. ಎರಡನೆಯದು ಗೆರೆ. ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ನೇರವಾಗಿ ಸೇರಬೇಕು. ಇಲ್ಲಿ ಏಳರ ಬಳಿ ಓರೆಯಾಗಿದ್ದವು. ಮೂರನೆಯದು ಮುಳ್ಳು. ನಿಮಿಷದ ಮುಳ್ಳು ನಿಮಿಷದ ಗೆರೆಯನ್ನು ಮುಟ್ಟುವಷ್ಟು ಉದ್ದವಿರಬೇಕು, ಇದು ಗಿಡ್ಡವಾಗಿತ್ತು. ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದ ವಾಚುಗಳಾದರೆ, ಡಯಲಿನ ಬಣ್ಣವೂ ಮುಳ್ಳಿನ ಬಣ್ಣವೂ ಒಂದೇ ರೀತಿ ಮಾಸಿವೆಯೇ ಎಂದು ನೋಡಬೇಕಂತೆ. ಜೊತೆಯಲ್ಲಿ ಹುಟ್ಟಿದವು ಸಾಮಾನ್ಯವಾಗಿ ಜೊತೆಯಲ್ಲೇ ಮುದಿಯಾಗುತ್ತವೆ.

ಬಳಿಕ ಡಯಲನ್ನು ಮೆಲ್ಲನೆ ಎಬ್ಬಿಸಿದರು. ಡಯಲಿನ ಹಿಂಬದಿಯಲ್ಲಿ ಎರಡು ಪುಟ್ಟ ಕಾಲುಗಳಿದ್ದು, ಅವು ಯಂತ್ರದ ತಟ್ಟೆಯ ತೂತುಗಳಿಗೆ ಸರಿಯಾಗಿ ಇಳಿಯಬೇಕು. ನಮ್ಮದರಲ್ಲಿ ಕಾಲುಗಳನ್ನು ಕತ್ತರಿಸಿ, ಅಂಟಿನಿಂದ ಕೂರಿಸಿದ್ದರು. ಎಂದರೆ ಅದು ಅಜ್ಜನ ಡಯಲಿಗೆ ಬಣ್ಣ ಬಳಿದದ್ದೂ ಅಲ್ಲ, ಬೇರೆಯೇ ಡಯಲು.

ಹಿಂದಿನ ಮುಚ್ಚಳದ ಒಳಮೈ ನೋಡಿ ಮಾತ್ರ ಅವರು ನಕ್ಕರು. ಅಲ್ಲಿ ಸೂಜಿಯಿಂದ ಗೀಚಿದ ಸಣ್ಣ ಗುರುತೂ '91' ಎಂಬ ಅಂಕೆಯೂ ಇದ್ದವು. "ಇದು ನನ್ನದೇ ಕೈಬರಹ. ನಿಮ್ಮ ಅಜ್ಜನ ವಾಚನ್ನು 1991ರಲ್ಲಿ ನಾನೇ ಬಿಚ್ಚಿ ತೊಳೆದಿದ್ದೆ. ಯಂತ್ರದ ಈ ತಿರುಪೂ ನಾನು ಹಾಕಿದ್ದೇ. ಮುಚ್ಚಳ, ಯಂತ್ರ ಎರಡೂ ಅವರದೇ" ಎಂದರು.

"ಹಾಗಾದರೆ ನೀವು ಹಾಕಿದ ತಿರುಪೂ ಅಸಲಿಯಲ್ಲವಲ್ಲ?" ಎಂದು ತಮ್ಮ ಕೇಳಿದ. "ಅಲ್ಲ. ಆದರೆ ಹಾಕಿದ್ದೇನೆ ಎಂದು ಅಜ್ಜನಿಗೆ ಹೇಳಿಯೇ ಹಾಕಿದೆ. ಓಡುವ ವಾಚಿಗೆ ಗಾಜು, ಸ್ಪ್ರಿಂಗು, ತಿರುಪು ಬದಲಾಗುತ್ತಲೇ ಇರುತ್ತವೆ. ಬದಲಾಯಿಸುವುದು ಮೋಸವಲ್ಲ, ಬದಲಾಯಿಸಿಲ್ಲ ಎನ್ನುವುದು ಮೋಸ" ಎಂದು ಅವರು ಉತ್ತರಿಸಿದರು. ಎಚ್.ಎಂ.ಟಿ. ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ತೀರ್ಮಾನಿಸಿದ ಮೇಲೆ ಹಳೆಯ ವಾಚುಗಳನ್ನು ಹುಡುಕುವವರು ಹೆಚ್ಚಿದ್ದಾರೆ. ಕಂಪನಿ ಎಂದೂ ತಯಾರಿಸದ ಬಣ್ಣಗಳ ಡಯಲುಗಳನ್ನು ಕೂಡ ಅಸಲಿ ಎಂದು ಮಾರುವವರಿದ್ದಾರೆ ಎಂದೂ ತಿಳಿಸಿದರು.

ನಾವು ಅಲ್ಲಿಂದ ನೇರವಾಗಿ ಆ ಅಂಗಡಿಗೆ ಓಡಿದೆವು. "ಹಳೇದು ಯಾರಿಗೆ ಬೇಕು ಎಂದು ಡಬ್ಬಕ್ಕೆ ಹಾಕಿದೆ, ಬೇಕಾದರೆ ಹುಡುಕಿಕೊಳ್ಳಿ" ಎಂದು ಒಂದು ಬಿಸ್ಕತ್ತಿನ ಡಬ್ಬ ಮುಂದಿಟ್ಟರು. ಒಳಗೆ ಒಂದು ಬೊಗಸೆ ಡಯಲುಗಳು! ಜನತಾ ಎಂದು ಬರೆದವೇ ಏಳೆಂಟು ಇದ್ದವು. ಅವುಗಳಲ್ಲಿ ನಮ್ಮದು ಯಾವುದೆಂದು ಗುರುತಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ನಾಲ್ಕರ ಬಳಿ ಗೋಡಂಬಿಯಂಥ ಕಲೆ. ಅಂದವಾಗಿ ಕಾಣಲಿ ಎಂದು ಯಾವುದನ್ನು ತೆಗೆಸಲು ಹೊರಟಿದ್ದೆವೋ ಅದೇ ನಮ್ಮ ಕೈ ಹಿಡಿಯಿತು.

ಗೂಡಂಗಡಿಯಲ್ಲಿ ಅದರ ಎರಡು ಕಾಲುಗಳೂ ತಮ್ಮ ತೂತುಗಳಿಗೆ ಒತ್ತಾಯವಿಲ್ಲದೆ ಇಳಿದವು. ಹಳೆಯ ಮುಳ್ಳುಗಳು ಮಾತ್ರ ಸಿಗಲಿಲ್ಲ. ರಿಪೇರಿಯವರು ತಮ್ಮಲ್ಲಿದ್ದ ಇನ್ನೊಂದು ಜನತಾ ವಾಚಿನ ಮುಳ್ಳುಗಳನ್ನು ಹಾಕಿ, "ಅಜ್ಜನಿಗೆ ಹೇಳಲು ಮರೆಯಬೇಡಿ" ಎಂದರು. ನಾವು ಮನೆಗೆ ಬಂದು ಮೊದಲು ಹೇಳಿದ್ದು ಅದನ್ನೇ. ಅಜ್ಜ ಗಾಜಿನ ಮೇಲೆ, ಆ ಕಲೆ ಇರುವಲ್ಲಿ, ಒಮ್ಮೆ ಬೆರಳಾಡಿಸಿ ಕೀ ಕೊಡಲು ತೊಡಗಿದರು.

ಓದುಗ ಮಿತ್ರರೇ, ನಿಮ್ಮ ಮನೆಯ ಕಪಾಟಿನಲ್ಲೂ ಇಂಥದೊಂದು ಹಳೆಯ ವಸ್ತು ಇರಬಹುದು. ಅದನ್ನು ತಿಕ್ಕಿ ಬೆಳಗಿಸುವ ಮೊದಲು ಹಿರಿಯರನ್ನು ಒಂದು ಮಾತು ಕೇಳಿ. ನಾವು ಕೇಳಿರಲಿಲ್ಲ.