ಹೆಂಚಿನಡಿಯ ಅಕ್ಷರಗಳು

ಸಕಲೇಶಪುರಕ್ಕೆ ಬರುವ ಪ್ರವಾಸಿಗರು ಮಂಜರಾಬಾದ್ ಕೋಟೆ ಹತ್ತುತ್ತಾರೆ, ಹೇಮಾವತಿಯನ್ನು ನೋಡುತ್ತಾರೆ, ಕಾಫಿ ಕುಡಿದು ಶಿರಾಡಿ ಘಾಟಿ ಇಳಿಯುತ್ತಾರೆ. ಹಾನುಬಾಳು, ಹೆತ್ತೂರು, ಆಲೂರು ಕಡೆಯ ಹಳೆಯ ಮನೆಗಳ ಅಟ್ಟ ಹತ್ತಿ ತಲೆಯೆತ್ತಿ ನೋಡುವವರು ಕಡಿಮೆ. ನೋಡಿದವರಿಗೆ ಅಲ್ಲಿ ಓದಲು ಸಾಕಷ್ಟಿದೆ.

ಇಲ್ಲಿಯ ಮಳೆಗೆ ಹುಲ್ಲಿನ ಮಾಡು ಬಾಳುತ್ತಿರಲಿಲ್ಲ. ನಾಡಹೆಂಚು ಜಾರುತ್ತಿತ್ತು, ಮಂಗ ಓಡಿದರೆ ಮನೆಯೆಲ್ಲ ಸೋರುತ್ತಿತ್ತು. ಆಗ ಘಟ್ಟ ಹತ್ತಿ ಬಂದದ್ದು ಮಂಗಳೂರು ಹೆಂಚು. ಒಂದರ ಅಂಚಿನ ಗಾಡಿಯಲ್ಲಿ ಇನ್ನೊಂದರ ಏಣು ಕೂರುತ್ತದೆ. ಅಡಿಯ ಗುಬುಟು ರೀಪನ್ನು ಕೊಕ್ಕೆಯಂತೆ ಹಿಡಿಯುತ್ತದೆ. ಹಸಿ ಜೇಡಿಯನ್ನು ಅಚ್ಚಿನಲ್ಲಿ ಒತ್ತುವಾಗಲೇ ಕಾರ್ಖಾನೆಯ ಹೆಸರೂ ಮೂಡುತ್ತದೆ. ಅಚ್ಚಿನಲ್ಲಿ ಅಕ್ಷರ ಕನ್ನಡಿಯ ಬಿಂಬದಂತೆ ತಿರುಗಿ, ತಗ್ಗಾಗಿರುತ್ತದೆ. ಹೆಂಚಿನಲ್ಲಿ ನೇರವಾಗಿ, ಉಬ್ಬಾಗಿ ಬರುತ್ತದೆ.

'ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865' ಎಂದಿದ್ದರೆ ಆ ಹೆಂಚು 1865ರದೇ ಎಂದು ತಿಳಿಯಬಾರದು. ಅದು ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭಿಸಿದ ವರ್ಷ. ಮೂರೇ ವರ್ಷಗಳಲ್ಲಿ, 1868ರಲ್ಲಿ, ಆಲ್ಬುಕರ್ಕ್ ಕುಟುಂಬದವರೂ ಹೆಂಚು ಸುಡತೊಡಗಿದರು. ಮುಂದೆ ಕಾರ್ಖಾನೆಗಳ ಸಾಲೇ ಹುಟ್ಟಿತು.

ಜರ್ಮನರು ತಮ್ಮ ಮೊದಲ ಯುದ್ಧವಿಮಾನಗಳ ಮೈಮೇಲೂ ಹೀಗೆಯೇ ಗುರುತು ಬರೆಯುತ್ತಿದ್ದರು. 1918ರ ಏಪ್ರಿಲ್ 21ರಂದು ರಿಚ್ತ್‌ಹೋಫೆನ್ ಸಾಯುವಾಗ ಹಾರಿಸುತ್ತಿದ್ದ ಫೋಕರ್ ವಿಮಾನದ ಸಂಖ್ಯೆ 425/17. ಓರೆಗೆರೆಯ ಮುಂದಿನ 17 ಎಂದರೆ 1917ರ ಸಾಲು. ವಿಮಾನ ತನ್ನ ವರ್ಷವನ್ನು ಹೇಳುತ್ತದೆ, ಹೆಂಚು ಹೇಳುವುದಿಲ್ಲ.

ಆದರೆ ಅದೇ ಮಹಾಯುದ್ಧ ಹೆಂಚಿನ ಮೇಲೂ ಗುರುತು ಬಿಟ್ಟಿತು. ಬ್ರಿಟಿಷ್ ಸರ್ಕಾರ ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. 1919ರಲ್ಲಿ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಅಚ್ಚಿನ ಹೆಸರೂ ಬದಲಾಯಿತು. ಹೀಗಾಗಿ ಅಟ್ಟದಲ್ಲಿ ಕಾಣುವ ಹೆಸರೇ ಕಾಲದ ಅಂದಾಜು ಕೊಡುತ್ತದೆ. ಹಳೆ ಹೆಂಚನ್ನು ಹೊಸ ಮನೆಗೆ ಹೊದಿಸುವ ರೂಢಿಯಿರುವುದರಿಂದ ಒಂದೇ ಹೆಂಚನ್ನು ನಂಬುವಂತಿಲ್ಲ. ಇಡೀ ಮಾಡನ್ನು ನೋಡಬೇಕು.

ಆ ಮಾಡುಗಳೇ ಈಗ ಇಳಿಯುತ್ತಿವೆ. ತಾರಸಿ, ತಗಡಿನ ಶೀಟು ಬಂದ ಕಡೆ ಹೆಂಚು ಅಂಗಳದ ಮೂಲೆ ಸೇರುತ್ತದೆ. ಒಡೆದದ್ದು ರಸ್ತೆಯ ಗುಂಡಿಗೆ ಬೀಳುತ್ತದೆ. ಸೋರುವ ಮನೆಯಲ್ಲೇ ಇರಿ ಎಂದು ಯಾರಿಗೂ ಹೇಳಲಾಗದು. ಇಳಿಸುವ ಮೊದಲು ಕೆಲವನ್ನು ಮಗುಚಿ, ಯಾವ ಹೆಸರಿನವು ಎಷ್ಟಿವೆ, ಮನೆ ಯಾವ ಊರಿನದು ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಹೈಸ್ಕೂಲು ಮಕ್ಕಳೂ ಮಾಡಬಹುದಾದ ಕೆಲಸವಿದು. ಮಳೆಗಾಲ ಹಿಡಿಯುವ ಮೊದಲು, ಮನೆ ರಿಪೇರಿಯ ದಿನಗಳಲ್ಲಿ, ಮಾಡಿದರೆ ಒಳ್ಳೆಯದು.